ಹಲ್ಲುಗುಡ್ಡ ಕಾಣದ ಬೆಳಿಗ್ಗೆ

ಬೆಟ್ಟದ ಮೇಲಿನ ಪುಟ್ಟ ಊರು ಪಾ ಸೆಬುಲದಲ್ಲಿ ಬೆಳಿಗ್ಗೆ ಎದ್ದವರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು, "ಹಲ್ಲು ಕಾಣ್ತಾ?"

ಹಲ್ಲು ಅಂದರೆ ಹಲ್ಲುಗುಡ್ಡ. ರನ್‌ವೇಯ ತುದಿಯಿಂದ ಐದು ಕಿಲೋಮೀಟರ್ ಆಚೆ, ಮುದುಕನ ಬಾಯಲ್ಲಿ ಉಳಿದ ಒಂಟಿ ಕೋರೆಯ ಹಾಗೆ ನಿಂತಿರುವ ಕಲ್ಲುಗುಡ್ಡ. ಅದು ಕಂಡರೆ ಕಡಲತಡಿಯ ಮಿರಿ ಪಟ್ಟಣದಿಂದ ಹೊರಟ ಪುಟ್ಟ ವಿಮಾನ ಇಳಿಯುತ್ತದೆ. ಕಾಣದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಅಂತ ತಿರುಗಿ ಹೋಗುತ್ತದೆ. ಕಂಡ ದಿನ ಅಂಗಡಿಗೆ ಮೊಟ್ಟೆ ಬರುತ್ತದೆ, ದಿನ ತುಂಬಿದ ಬಸುರಿ ಆಸ್ಪತ್ರೆಗೆ ಹೋಗುತ್ತಾಳೆ, ರಜೆಗೆ ಹೋದ ಮೇಷ್ಟ್ರು ವಾಪಸ್ಸಾಗುತ್ತಾರೆ. ಕಾಣದ ದಿನ ಮೇಷ್ಟ್ರ ರಜೆ ತಾನಾಗಿ ಬೆಳೆಯುತ್ತದೆ, ಮಕ್ಕಳು ಮಂಜಿಗೆ ಜೈಕಾರ ಹಾಕುತ್ತಾರೆ.

ಈ ಗುಡ್ಡ ಕಂಡಿತೋ ಇಲ್ಲವೋ ಎಂದು ರೇಡಿಯೋದಲ್ಲಿ ಹೇಳುವ ಕೆಲಸ ಗೆರಾವತ್‌ನದು. ರನ್‌ವೇ ಪಕ್ಕದಲ್ಲಿ ಕಂಬಗಳ ಮೇಲೆ ನಿಂತ ಮರದ ಗೂಡು, ಅದರೊಳಗೆ ಒಂದು ಕುರ್ಚಿ, ಒಂದು ರೇಡಿಯೋ, ನಾಲ್ಕೂ ಕಡೆ ಗಾಜು. ವಯಸ್ಸಿನಲ್ಲಿದ್ದಾಗ ಅವನು, ಊರಿನ ಸಂಸಾರಗಳೆಲ್ಲ ಒಂದೇ ಸೂರಿನಡಿ ಇರುವ ಉದ್ದಮನೆಯ ಜಗಲಿಯಲ್ಲಿ ಕೂತೇ ಆಚೆ ಬಯಲಲ್ಲಿ ಮೇಯುವ ಎಮ್ಮೆ ಯಾರದೆಂದು ಹೇಳುತ್ತಿದ್ದ. ಕಣ್ಣು ಚೆನ್ನಾಗಿರುವ ಒಬ್ಬ ಬೇಕು ಅಂತ ಸರ್ಕಾರದವರು ಬಂದಾಗ ಊರೆಲ್ಲ ಅವನತ್ತ ಬೆರಳು ತೋರಿಸಿತು. ಅವನಿಗೆ ಆ ಕೆಲಸ ಬೇಕಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು ಇಲ್ಲ ಅನ್ನುತ್ತಿರಲಿಲ್ಲ.

ಯಾಕೆಂದರೆ ಇಲ್ಲ ಅನ್ನುವುದು ಗೆರಾವತ್‌ನ ಬಾಯಿಗೆ ಬಾರದ ಮಾತು. ಎಮ್ಮೆ ಎರವಲು ಕೇಳಿದರೆ ಹೂಂ. ಗದ್ದೆ ನಾಟಿಗೆ ಕರೆದರೆ ಹೂಂ. ಒಂದೇ ದಿನ ಇಬ್ಬರು ಕರೆದರೆ ಇಬ್ಬರಿಗೂ ಹೂಂ, ಆಮೇಲೆ ಹೊಟ್ಟೆನೋವು ಅಂತ ಮಲಗುವುದು. ಎರಡು ಮನೆಯವರು ಬೇಲಿಗೆ ಜಗಳವಾಡಿ ನ್ಯಾಯ ಕೇಳಿದರೆ ಇವನಿಗೂ ಸರಿ ಅನ್ನುತ್ತಿದ್ದ, ಅವನಿಗೂ ಸರಿ ಅನ್ನುತ್ತಿದ್ದ. ಹೆಂಡತಿ ಸುಪಾಂಗ್, "ಇಬ್ಬರೂ ಸರಿಯಾದ್ರೆ ಬೇಲಿ ತಪ್ಪೇನ್ರೀ?" ಅಂದರೆ "ಅದೂ ಸರಿಯೇ" ಎನ್ನುತ್ತಿದ್ದ.

ಆದರೆ ಆ ಗೂಡಿನ ಏಣಿ ಹತ್ತಿ ಕುರ್ಚಿಯಲ್ಲಿ ಕೂತನೆಂದರೆ ಮನುಷ್ಯನೇ ಬೇರೆ. ಕಂಡದ್ದು ಕಂಡಿದೆ, ಕಾಣದ್ದು ಕಂಡಿಲ್ಲ. ಕೆಳಗಿಳಿದ ಮೇಲೆ ಬೈಸಿಕೊಳ್ಳುತ್ತಾನೆ, ಕ್ಷಮೆ ಕೇಳುತ್ತಾನೆ, ಸಮಾಧಾನಕ್ಕೆ ಒಂದು ಅನಾನಸು ಕೊಟ್ಟು ಕಳಿಸುತ್ತಾನೆ. ಮೇಲಿದ್ದಾಗ ಮಾತ್ರ ಅವನಿಂದ ಒಂದು ಗಜ ಹೆಚ್ಚು ನೋಟ ಹೊರಡಿಸಲು ಯಾರಿಗೂ ಆಗಿರಲಿಲ್ಲ.

ಅವನ ಮಗಳು ರೋಸಿತಾಗೆ ಮಿರಿಯಲ್ಲಿ ಗಂಡುಮಗು ಹುಟ್ಟಿದ್ದು ಸುಗ್ಗಿ ಮುಗಿದ ಮೇಲೆ. ಮೊಮ್ಮಗು ಹುಟ್ಟಿತೆಂದರೆ ಈ ಬೆಟ್ಟದ ಮೇಲಿನವರಲ್ಲಿ ಅಜ್ಜ ಅಜ್ಜಿ ಹಳೆಯ ಹೆಸರು ಬಿಟ್ಟು ಹೊಸದು ಇಟ್ಟುಕೊಳ್ಳಬೇಕು. ಅದಕ್ಕೆ ಔತಣವಾಗಬೇಕು, ಊರೂರಿನವರು ಬಂದು ಹೆಸರನ್ನು ಒಪ್ಪಬೇಕು. ಆಗದೆ ಹೋದರೆ ಅಜ್ಜ ಅರ್ಧ ಅಜ್ಜ. ಸುಪಾಂಗ್ ಹಂದಿಗಳನ್ನು ಕೊಬ್ಬಿಸಿದಳು. ಸುತ್ತಲ ಊರುಗಳಿಗೆ ಹೇಳಿಕಳಿಸಿದಳು. ಮಗಳು, ಮೊಮ್ಮಗು, ಅಳಿಯ, ಅಳಿಯನ ತಾಯಿ, ನಾಲ್ಕು ಜನಕ್ಕೂ ಔತಣದ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ಆಯಿತು. ಬೀಗಿತ್ತಿ ಸಮುದ್ರದ ಕಡೆಯವಳು, ಬೆಟ್ಟ ಕಂಡವಳಲ್ಲ. ಆಕೆಯ ಮುಂದೆ ಒಂದು ಸೌಟೂ ಹೆಚ್ಚುಕಡಿಮೆ ಆಗಬಾರದೆಂದು ಸುಪಾಂಗ್ ವಾರದಿಂದ ಊರ ಹೆಂಗಸರ ಪ್ರಾಣ ಹಿಂಡುತ್ತಿದ್ದಳು.

ಔತಣದ ಹಿಂದಿನ ಸಂಜೆ ಪಟ್ಟಣದಿಂದ ಹವಾಮಾನದ ಮುನ್ಸೂಚನೆ ರೇಡಿಯೋದಲ್ಲಿ ಬಂತು. ಗೆರಾವತ್ ಅದನ್ನು ಜಗಲಿಯಲ್ಲಿ ಕೂತವರಿಗೆ ಹೇಳಿದ.

"ನಾಳೆ ಬೆಳಿಗ್ಗೆ ಮಂಜು ಬೀಳೋ ಸಂಭವ ನೂರಕ್ಕೆ ಮೂವತ್ತು ಅಂತೆ."

ಊರಿಗೇ ಹಿರಿಯಳಾದ ಉಲೊ ಅಜ್ಜಿ ಎಲೆಯ ಪೊಟ್ಟಣದಿಂದ ಮೆತ್ತನೆಯ ಅನ್ನ ಬಿಡಿಸುತ್ತಿದ್ದವಳು ತಲೆ ಎತ್ತಿದಳು. "ಮೂವತ್ತು ಪಾಲು ಅಂದ್ರೆ ಊರಿನ ಯಾವ ಪಾಲಪ್ಪಾ? ನನ್ನ ಗದ್ದೆ ಕಡೆನಾ?"

"ಹಾಗಲ್ಲ ಅಜ್ಜಿ. ಬಿದ್ರೂ ಬೀಳಬಹುದು, ಬೀಳದೇನೂ ಇರಬಹುದು."

"ಅದನ್ನ ಹೇಳೋಕೆ ಅವರಿಗೆ ಸಂಬಳ ಕೊಡ್ತಾರಾ?"

ಊರ ಮುಖಂಡ ಜಲ್ಲಾ ಗಂಟಲು ಸರಿಮಾಡಿಕೊಂಡ. ಇವನು ಸುಪಾಂಗಳ ಅಣ್ಣ, ಭಾಷಣಕ್ಕೆ ಹೆಸರುವಾಸಿ. ಇವನು ಎದ್ದು ನಿಂತರೆ ಸಭೆಯ ಅರ್ಧ ಜನಕ್ಕೆ ಮನೆಯಲ್ಲಿ ಒಲೆ ಆರಿಸದೆ ಬಂದದ್ದು ನೆನಪಾಗುತ್ತಿತ್ತು.

"ಮಂಜಿಗೆ ಮೂವತ್ತು ಓಟು," ಅಂದ ಜಲ್ಲಾ. "ಹಾಗಾದ್ರೆ ನಮಗೆ ಎಪ್ಪತ್ತು. ಬಹುಮತ ನಮ್ಮದು. ಇಷ್ಟಾದ್ರೂ ನಾಳೆ ಮಂಜು ಬಿದ್ರೆ ಅದು ಅನ್ಯಾಯ."

"ಸರಿ ಭಾವ," ಅಂದ ಗೆರಾವತ್, ಎಂದಿನಂತೆ.

"ಸರಿ ಅಂದ್ರೆ ಸಾಲ್ದು. ವಿಮಾನ ಇಳಿಯೋಕೆ ಹಲ್ಲುಗುಡ್ಡ ಕಾಣಬೇಕು, ಅಷ್ಟೇ ತಾನೇ ಕಾನೂನು?"

"ಐದು ಕಿಲೋಮೀಟರ್ ಕಾಣಬೇಕು ಭಾವ. ಹಲ್ಲುಗುಡ್ಡ ಐದರಲ್ಲಿದೆ ಅಂತ ಅದನ್ನ ನೋಡೋದು."

"ರೇಡಿಯೋದಲ್ಲಿ ಅವರು ಏನಂತ ಕೇಳ್ತಾರೆ?"

"ಹಲ್ಲುಗುಡ್ಡ ಕಾಣ್ತಾ ಅಂತ."

ಜಲ್ಲಾನ ಮುಖ ಅರಳಿತು. ಅವನು ಎದ್ದು ನಿಂತ. ಯಾರಿಗೂ ಒಲೆ ನೆನಪಾಗುವಷ್ಟು ಸಮಯ ಕೊಡದೆ ಹೇಳಿಬಿಟ್ಟ: "ನಮ್ಮಲ್ಲಿ ಮಗು ಹುಟ್ಟಿದ್ರೆ ಮನುಷ್ಯ ಹೆಸರು ಬದಲಾಯಿಸ್ತಾನೆ. ಮೊಮ್ಮಗು ಹುಟ್ಟಿದ್ರೆ ಮತ್ತೆ ಬದಲಾಯಿಸ್ತಾನೆ. ಗುಡ್ಡ ಏನು ಪಾಪ ಮಾಡಿದೆ? ಚರ್ಚಿನ ಹಿಂದಿನ ಗೂನುಗುಡ್ಡಕ್ಕೆ ಇವತ್ತಿಂದ ಹಲ್ಲುಗುಡ್ಡ ಅಂತ ಹೆಸರು. ಒಪ್ಪಿದವರು ಕೈ ಎತ್ತಿ."

ಗೂನುಗುಡ್ಡ ಇರುವುದು ಮೂರೇ ಕಿಲೋಮೀಟರ್ ದೂರದಲ್ಲಿ. ಎಲ್ಲರೂ ಕೈ ಎತ್ತಿದರು. ಹಂದಿ ಕಡಿಯುತ್ತಿದ್ದವರು ಕತ್ತಿ ಸಮೇತ ಎತ್ತಿದರು. ಸುಪಾಂಗ್ ಎರಡು ಕೈ ಎತ್ತಿ, ಗಂಡನ ಕಡೆ ನೋಡಿದಳು. ಗೆರಾವತ್‌ನ ಕೈಯೂ ತಾನೇ ತಾನಾಗಿ ಅರ್ಧ ಮೇಲೆ ಹೋಯಿತು. ಅಷ್ಟರಲ್ಲಿ ಅವನು ಅದರಿಂದ ತಲೆ ಕೆರೆದುಕೊಂಡ.

"ಹಳೇ ಹಲ್ಲುಗುಡ್ಡಕ್ಕೆ ಏನು ಹೆಸರು ಹಾಗಾದ್ರೆ?" ಎಂದು ಉಲೊ ಅಜ್ಜಿ ಕೇಳಿದಳು.

"ಅದು ನಿವೃತ್ತಿ ಆಯ್ತು ಅಜ್ಜಿ," ಅಂದ ಜಲ್ಲಾ.

ಬೆಳಿಗ್ಗೆ ಮಂಜು ತನ್ನ ಮೂವತ್ತು ಓಟನ್ನೂ ಹಾಕಿತ್ತು, ಊರಿನ ಎಪ್ಪತ್ತರಲ್ಲಿ ಮುಕ್ಕಾಲನ್ನೂ ಕದ್ದಿತ್ತು. ಗದ್ದೆಗಳ ಮೇಲೆ ಹಾಲು ಉಕ್ಕಿ ಹರಿದ ಹಾಗೆ ಬಿಳಿ. ಗೆರಾವತ್ ಗೂಡು ಹತ್ತಿ ಗಾಜು ಒರೆಸಿದ, ಕನ್ನಡಕ ಒರೆಸಿದ, ಮತ್ತೆ ಗಾಜು ಒರೆಸಿದ. ಹೊತ್ತು ಏರಿದ ಹಾಗೆ ಚರ್ಚಿನ ಕೆಂಪು ತಗಡು ಕಂಡಿತು. ಆಮೇಲೆ ಎಮ್ಮೆ ಬಯಲಿನ ಒಂಟಿಮರ. ಇನ್ನಷ್ಟು ಹೊತ್ತಿಗೆ ಗೂನುಗುಡ್ಡದ ಬೆನ್ನು, ನೀರಿನಿಂದ ಏಳುವ ಎಮ್ಮೆಯಂತೆ, ಮೆಲ್ಲಗೆ ಎದ್ದಿತು. ಅದರಾಚೆ ಮಂಜಿನ ಗೋಡೆ. ಹಲ್ಲಿಲ್ಲ, ದವಡೆಯೂ ಇಲ್ಲ.

ಗೂಡಿನ ಕೆಳಗೆ ಊರೆಲ್ಲ ನೆರೆದಿತ್ತು. ಪಕ್ಕದ ಊರುಗಳಿಂದ ನಿನ್ನೆಯೇ ನಡೆದು ಬಂದ ನೆಂಟರೂ ಸೇರಿದ್ದರು. ಜಲ್ಲಾ ಏಣಿಯ ಅರ್ಧ ಹತ್ತಿ, ಕಿಟಕಿಗೆ ಮುಖ ಇಟ್ಟ.

"ಭಾವ, ಹಲ್ಲುಗುಡ್ಡ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು!"

"ಭಾವ, ಅದು…"

"ಊರು ಒಪ್ಪಿದ ಹೆಸರು! ನೀನೂ ಅರ್ಧ ಕೈ ಎತ್ತಿದೀಯ!"

ರೇಡಿಯೋ ಕರಕರ ಅಂದಿತು. ಕ್ಯಾಪ್ಟನ್ ನೊರ್ಲಿಜಾಳ ಧ್ವನಿ. ಪಟ್ಟಣದ ಮಲಯ ಹೆಣ್ಣುಮಗಳು, ವರ್ಷಗಳಿಂದ ಈ ದಾರಿಯಲ್ಲಿ ವಿಮಾನ ಹಾರಿಸುವವಳು, ಗೆರಾವತ್‌ನನ್ನು ಚಿಕ್ಕಪ್ಪ ಎಂದೇ ಕರೆಯುವವಳು.

"ಚಿಕ್ಕಪ್ಪ, ಬೆಟ್ಟ ದಾಟಿದೆ. ಕೆಳಗೆಲ್ಲ ಬರೀ ಬಿಳಿ ಕಾಣ್ತಿದೆ. ನಿಮ್ಮಲ್ಲಿ ಹೇಗಿದೆ? ಹಲ್ಲುಗುಡ್ಡ ಕಾಣ್ತಾ?"

ಗೆರಾವತ್ ಕೆಳಗೆ ನೋಡಿದ. ಗುಂಪಿನ ನಡುವೆ ಸುಪಾಂಗ್, ಹಬ್ಬದ ಮಣಿಯ ಟೋಪಿ ಹಾಕಿಕೊಂಡು, ಎದೆಗೆ ಕೈ ಕಟ್ಟಿಕೊಂಡು ನಿಂತಿದ್ದಳು. ಅವಳ ಕಣ್ಣು ತಪ್ಪಿಸಿ ಗಾಜಿನಾಚೆ ನೋಡಿದ. ಗುಂಡಿ ಒತ್ತಿದ.

"ಕಾಣ್ತಿದೆ," ಅಂದ.

ಕೆಳಗೆ ಹೋ ಎಂದು ಕೂಗು ಎದ್ದಿತು. ಜಲ್ಲಾ ಏಣಿಯ ಮೇಲೇ ಕುಣಿದ.

ಗೆರಾವತ್ ಗುಂಡಿ ಬಿಟ್ಟಿರಲಿಲ್ಲ. "ಆದ್ರೆ ಕ್ಯಾಪ್ಟನ್ ಅಮ್ಮಾ, ಒಂದು ಮಾತು. ಅದು ಹೊಸ ಹಲ್ಲುಗುಡ್ಡ. ನಿನ್ನೆ ಸಂಜೆ ಹೆಸರಿಟ್ಟಿದ್ದು. ದೂರ ಮೂರೇ ಕಿಲೋಮೀಟರು."

ಮೋಡದ ಮೇಲಿನಿಂದ ರೇಡಿಯೋ ಮತ್ತೆ ಕರಕರ ಅಂದಿತು.

"ಚಿಕ್ಕಪ್ಪ, ಇನ್ನೊಂದ್ಸಲ ಹೇಳಿ?"

"ಗುಡ್ಡಕ್ಕೆ ಹೆಸರು ಬದಲಾಗಿದೆ. ಊರು ಕೈ ಎತ್ತಿ ಒಪ್ಪಿದೆ. ಹಳೇ ಹಲ್ಲುಗುಡ್ಡ ನಿವೃತ್ತಿ ಆಗಿದೆ. ಅದು ಕಾಣ್ತಿಲ್ಲ. ನೋಟ ಮೂರು ಸಾವಿರ ಮೀಟರ್. ಗಾಳಿ ಇಲ್ಲ. ಮೋಡ ಗುಡ್ಡದ ಸೊಂಟಕ್ಕಿದೆ."

"ಅರ್ಥ ಆಯ್ತು," ಅಂದಳು ನೊರ್ಲಿಜಾ. ಅವಳು ನಗು ತಡೆದುಕೊಂಡಳೋ ಸಿಟ್ಟು ತಡೆದುಕೊಂಡಳೋ ಗೊತ್ತಾಗಲಿಲ್ಲ. "ಎಣ್ಣೆ ಇರೋ ತನಕ ಮೇಲೆ ಸುತ್ತುತಾ ಇರ್ತೀನಿ. ತೆರೆದ್ರೆ ಹೇಳಿ."

ಊರು ತಲೆ ಮೇಲೆತ್ತಿ ನಿಂತಿತು. ವಿಮಾನ ಕಾಣುತ್ತಿರಲಿಲ್ಲ; ಶಬ್ದ ಮಾತ್ರ, ಮಡಕೆಯೊಳಗೆ ಸಿಕ್ಕ ದುಂಬಿಯ ಹಾಗೆ, ಮಂಜಿನ ಮೇಲೆ ಸುತ್ತು ಹಾಕುತ್ತಿತ್ತು. ಆ ಶಬ್ದದೊಳಗೆ ಎಲ್ಲೋ ಮೊಮ್ಮಗು ಇತ್ತು. ಯಾರೋ ಟವೆಲ್ ಬೀಸಿ ಮಂಜು ಓಡಿಸಲು ನೋಡಿದರು. ಪಾದ್ರಿ ಪ್ರಾರ್ಥನೆ ಶುರು ಮಾಡಿದರು. ಗೆರಾವತ್ ಕಣ್ಣು ಕಿತ್ತು ಹೋಗುವ ಹಾಗೆ ಹಲ್ಲುಗುಡ್ಡದ ದಿಕ್ಕಿಗೆ ದಿಟ್ಟಿಸಿದ. ಕೊನೆಗೆ ಶಬ್ದ ಒಂದು ಕಡೆಗೆ ವಾಲಿತು, ಸಣ್ಣದಾಯಿತು, ಬೆಟ್ಟದಾಚೆ ಇಳಿದುಹೋಯಿತು. ಕಣಿವೆಯಾಚೆ ಇನ್ನೊಂದು ರನ್‌ವೇ ತೆರೆದಿದೆ, ಅಲ್ಲಿ ಇಳಿಸುತ್ತೇನೆ ಎಂದು ನೊರ್ಲಿಜಾ ಹೇಳಿದಳು. ಅಲ್ಲಿಂದ ಇಲ್ಲಿಗೆ ಮರ ಸಾಗಿಸುವ ಲಾರಿಗಳ ಕೆಸರು ದಾರಿ. ಜೀಪು ಸಿಕ್ಕಿದರೆ, ಆ ಜೀಪು ಹೂತುಕೊಳ್ಳದಿದ್ದರೆ, ಸಂಜೆಗೆ ಬರಬಹುದು.

ಗೆರಾವತ್ ಏಣಿ ಇಳಿದ. ಮೇಲಿದ್ದವನು ಮೇಲೆಯೇ ಉಳಿದು ಹಳೆಯ ಗೆರಾವತ್ ನೆಲಕ್ಕೆ ಬಂದ. "ತಪ್ಪಾಯ್ತು," ಅಂದ, ಯಾರನ್ನೂ ನೋಡದೆ.

"ಯಾವನೋ ಕಣ್ಣು ಕಾಣದ ಮುದುಕನ್ನ ಆ ಕುರ್ಚೀಲಿ ಕೂರಿಸಿದ್ರೂ ಇದಕ್ಕಿಂತ ಚೆನ್ನಾಗಿ ನೋಡ್ತಿದ್ದ!" ಜಲ್ಲಾ ಹಲ್ಲು ಕಡಿದ.

"ಸರಿ ಭಾವ."

"ಸರಿಯಂತೆ, ಸರಿ! ಅಲ್ಲಿ ಹೇಳೋಕೆ ಆಗ್ತಿರ್ಲಿಲ್ವಾ ಈ ಸರಿ?"

ಸುಪಾಂಗ್ ಟೋಪಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಮನೆ ಕಡೆ ನಡೆದಳು. ಅವಳು ಬೈದಿದ್ದರೆ ಗೆರಾವತ್‌ಗೆ ಎಷ್ಟೋ ಹಗುರವಾಗುತ್ತಿತ್ತು.

ಆದರೆ ಬೆಂದ ಹಂದಿ ಯಾರಿಗೂ ಕಾಯುವುದಿಲ್ಲ, ದೂರದಿಂದ ನಡೆದು ಬಂದ ಹೊಟ್ಟೆಗಳೂ ಕಾಯುವುದಿಲ್ಲ. ಉದ್ದಮನೆಯಲ್ಲಿ ಊಟ ಬಡಿಸಿದರು. ಊಟ ಮುಗಿಯಿತು. ಪದ್ಧತಿಯಂತೆ ಇನ್ನು ಹೆಸರು ಹೇಳಬೇಕು; ಮಗುವಿಲ್ಲದೆ ಹೆಸರು ಹೇಳುವ ಹಾಗಿಲ್ಲ. ನೆಂಟರು ಎದ್ದು ಹೋದರೆ ಔತಣ ಮುರಿದ ಹಾಗೆ. ಆಗ ಉಲೊ ಅಜ್ಜಿಗೆ ಉಪಾಯ ಹೊಳೆಯಿತು.

"ಜಲ್ಲಾ, ಭಾಷಣ ಮಾಡೋ."

ಜಲ್ಲಾ ಕಿವಿಯನ್ನೇ ನಂಬಲಿಲ್ಲ. ಅವನ ಜನ್ಮದಲ್ಲಿ ಯಾರೂ ಅವನನ್ನು ಹೀಗೆ ಬೇಡಿರಲಿಲ್ಲ. ಮೈಕು ಹಿಡಿದ. ಬೆಟ್ಟಕ್ಕೆ ಮೊದಲು ಬಂದ ಪೂರ್ವಜರಿಂದ ಶುರುಮಾಡಿ, ಉಪ್ಪಿನ ಬುಗ್ಗೆ, ಭತ್ತದ ತಳಿ, ರಸ್ತೆಗೆ ಕೊಟ್ಟ ಅರ್ಜಿಗಳು, ಎಲ್ಲ ಹೇಳಿದ. ಜನ ನಿದ್ದೆ ಮಾಡದೆ ಕೇಳಿದರು. ಮುಗಿಸುತ್ತಾನೇನೋ ಎನಿಸಿದಾಗ "ಇನ್ನೂ ಹೇಳಿ, ಇನ್ನೂ ಹೇಳಿ" ಎಂದು ಕೂಗಿದರು. ಬೇಡ ಅನ್ನುವವರಿದ್ದಾಗ ಉಕ್ಕುತ್ತಿದ್ದ ಮಾತು ಬೇಕು ಅನ್ನುವವರ ಮುಂದೆ ಬತ್ತಿಹೋಯಿತು. ಅರ್ಜಿಗಳನ್ನೇ ಎರಡನೆಯ ಸಲ ಹೇಳತೊಡಗಿ, ನಡುವೆ ನಿಂತು, ಬಾಯಿ ಒರೆಸಿಕೊಂಡು, "ಇಷ್ಟು ಹೇಳಿ ನನ್ನ ಎರಡು ಮಾತು…" ಎಂದು ಕೂತೇಬಿಟ್ಟ.

ಬೆಳಕು ಇಳಿಯುತ್ತಿತ್ತು. ನೆಂಟರು ಚೀಲ ಹುಡುಕತೊಡಗಿದರು. ಸುಪಾಂಗ್ ಸೌಟು ಕೆಳಗಿಟ್ಟು ಬಂದು ಮೈಕು ಎತ್ತಿಕೊಂಡಳು.

"ಎಲ್ಲರೂ ಕೂತ್ಕೊಳ್ಳಿ," ಅಂದಳು. "ನನ್ನ ಗಂಡನ್ನ ಬೈಯೋದಿದೆ."

ಎಲ್ಲರೂ ಕೂತರು. ಹೊರಗೆ ಹೋದವರೂ ಒಳಗೆ ಬಂದರು.

"ಈ ಮನುಷ್ಯ ನನ್ನ ಮದುವೆ ದಿನ ಹಾಕ್ಕೊಂಡಿದ್ದ ಅಂಗೀನ ಅವತ್ತೇ ಸಾಯಂಕಾಲ ಇನ್ನೊಬ್ಬನಿಗೆ ಎರವಲು ಕೊಟ್ಟ. ಆ ಅಂಗಿ ಇವತ್ತೂ ಬಂದಿಲ್ಲ. ಯಾರು ತಗೊಂಡಿದ್ದು ಅಂತ ನಂಗೆ ಗೊತ್ತು, ಇಲ್ಲೇ ಮೂರನೇ ಸಾಲಲ್ಲಿ ಕೂತಿದ್ದಾರೆ." ಮೂರನೆಯ ಸಾಲು ಬಿದ್ದು ಬಿದ್ದು ನಕ್ಕಿತು, ಅದರಲ್ಲಿ ಒಬ್ಬ ಮಾತ್ರ ನಗಲಿಲ್ಲ. "ನಮ್ಮ ಎಮ್ಮೆ ನಮ್ಮ ಗದ್ದೇನ ನೋಡಿದ್ದಕ್ಕಿಂತ ನಿಮ್ಮ ಗದ್ದೇನ ಹೆಚ್ಚು ನೋಡಿದೆ. ರೋಸಿತಾ ಶಾಲೆಗೆ ಹೋಗಲ್ಲ ಅಂದ್ರೆ 'ಸರಿ ಮಗಳೇ' ಅಂದ. ನಾನು ಹೋಗಲೇಬೇಕು ಅಂದ್ರೆ 'ಸರಿ ಕಣೇ' ಅಂದ. ಆ ಹುಡುಗಿ ಬಾಗಿಲಲ್ಲೇ ನಿಂತ್ಕೊಂಡು ಯಾವ ಸರಿ ಅಪ್ಪಾ ಅಂತ ಅತ್ತಳು. ಒಂದ್ಸಲ ನಾನೇ ಪರೀಕ್ಷೆ ಮಾಡೋಣ ಅಂತ, ಇವತ್ತು ಅಡುಗೇಲಿ ಉಪ್ಪು ಹೆಚ್ಚಾಗಿದೆಯಾ ಅಂದೆ. ಹೂಂ ಅಂದ. ಕಮ್ಮಿ ಇದೆಯಾ ಅಂದೆ. ಅದಕ್ಕೂ ಹೂಂ ಅಂದ. ನಾನು ಉಪ್ಪೇ ಹಾಕಿರಲಿಲ್ಲ!"

ಉದ್ದಮನೆ ನಡುಗುವಂತೆ ನಗು ಎದ್ದಿತು. ಗೆರಾವತ್ ಕಂಬಕ್ಕೆ ಒರಗಿ, ತನಗೇ ಸಂಬಂಧವಿಲ್ಲದವನಂತೆ ತಾನೂ ನಗುತ್ತಿದ್ದ.

"ಹೆಂಡತಿ ಆದವಳಿಗೆ ಇಂಥವನ ಜತೆ ಜಗಳ ಆಡೋಕೂ ಆಗಲ್ಲ. ಜಗಳಕ್ಕೆ ಇಬ್ಬರು ಬೇಕು. ಇಷ್ಟು ವರ್ಷದಲ್ಲಿ ನಂಗೆ ಒಂದು ದಿನ ಇಲ್ಲ ಅಂದಿಲ್ಲ. ಇವತ್ತು ಅಂದ. ಇಡೀ ಊರ ಮುಂದೆ, ಬೀಗಿತ್ತಿ ಬರೋ ದಿನ ನೋಡಿಕೊಂಡು ಅಂದ." ಅವಳ ದನಿ ಸ್ವಲ್ಪ ಇಳಿಯಿತು. "ಆ ಶಬ್ದ ತಲೆ ಮೇಲೆ ಸುತ್ತುತಾ ಇತ್ತಲ್ಲ, ನೀವೆಲ್ಲ ಇಳೀಲಿ ಇಳೀಲಿ ಅಂತಿದ್ರಲ್ಲ. ನಿನ್ನೆ ಎರಡು ಕೈ ಎತ್ತಿದವಳು ನಾನು. ಆದ್ರೆ ಶಬ್ದ ಕೇಳಿದ ಮೇಲೆ ನಾನು ಒಳಗೇ ಅಂದ್ಕೊಂಡೆ, ದೇವರೇ, ಇವನು ಮನೇಲಿ ಅನ್ನೋ ಹಾಗೆ ಅಲ್ಲಿ ಮಾತ್ರ ಹೂಂ ಅನ್ನದೆ ಇರ್ಲಿ ಅಂತ."

ಜಲ್ಲಾ ಚಾಪೆಯ ಅಂಚನ್ನು ಕೀಳುತ್ತ ಕೂತಿದ್ದ.

"ಅದಕ್ಕೇ ಅಂತ ಸಿಟ್ಟು ಹೋಗಿಲ್ಲ," ಎಂದು ಸುಪಾಂಗ್ ಮತ್ತೆ ಮೈಕು ಎತ್ತಿದಳು. "ಇನ್ನೂ ಇದೆ. ನಮ್ಮ ಕೋಳಿಗಳ ವಿಷಯ ತಗೊಳ್ಳಿ…"

ಕೋಳಿಗಳಿಂದ ದೋಣಿಗೆ, ದೋಣಿಯಿಂದ ತವರಿನ ಹಿತ್ತಾಳೆ ಗಂಟೆಗೆ ಬಂದಿದ್ದಳು. ಹೊರಗೆ ಜೀಪಿನ ಹಾರನ್ನು ಕೇಳಿಸಿತು.

ಜೀಪು ಯಾವುದು ಕೆಸರು ಯಾವುದು ಹೇಳುವಂತಿರಲಿಲ್ಲ. ಅಳಿಯ ಅರ್ಧ ದಾರಿ ತಳ್ಳಿಕೊಂಡೇ ಬಂದಿದ್ದ. ಅವನ ಹಲ್ಲು ಮಾತ್ರ ಬೆಳ್ಳಗಿತ್ತು. ರೋಸಿತಾಳ ಮಡಿಲಲ್ಲಿ ಮಗು ಇದ್ಯಾವುದೂ ತನಗಲ್ಲ ಎಂಬಂತೆ ನಿದ್ದೆ ಹೋಗಿತ್ತು. ಕೊನೆಗೆ ಬೀಗಿತ್ತಿ ಇಳಿದಳು. ದಪ್ಪ ಹೆಂಗಸು, ರೇಷ್ಮೆಯ ನಿಲುವಂಗಿಗೆ ಮೊಣಕಾಲ ತನಕ ಕೆಂಪು ಕೆಸರು, ಒಂದೇ ಕಾಲಲ್ಲಿ ಚಪ್ಪಲಿ. ಸುಪಾಂಗಳ ಕಣ್ಣು ಆ ಬರಿಗಾಲಿನ ಮೇಲೆಯೇ ನಿಂತಿತು.

"ಯಾರ್ರೀ ಅದು ರೇಡಿಯೋದಲ್ಲಿ ಮಾತಾಡಿದವರು?" ಅಂದಳು ಬೀಗಿತ್ತಿ.

ಜನ ಸರಿದು ದಾರಿ ಬಿಟ್ಟರು. ಗೆರಾವತ್ ಮುಂದೆ ಬಂದು ತಲೆ ತಗ್ಗಿಸಿದ.

"ಬೀಗರೇ, ನಾನು ಪೈಲಟ್ಟಿನ ಬೆನ್ನ ಹಿಂದೇ ಕೂತಿದ್ದೆ. ಕಿಟಕೀಲಿ ಏನೂ ಇಲ್ಲ, ಬಿಳಿ ಹಂಡೆಯೊಳಗೆ ಮುಳುಗಿಸಿದ ಹಾಗೆ. ಒಂದ್ಸಲ ಮಾತ್ರ ಮಂಜಿನ ಮೇಲೆ ಒಂದು ಕಲ್ಲು, ಹಲ್ಲಿನ ಥರ, ಇಷ್ಟೇ ದೂರದಲ್ಲಿ ಇಣುಕಿ ಹೋಯ್ತು. ಮೊದಲು 'ಕಾಣ್ತಿದೆ' ಅಂದ್ರಂತಲ್ಲ, ಆ ಹುಡುಗಿ ಕತ್ತು ತಿರುಗಿಸಿ ನಮಗೆ ಹೇಳಿದ್ಲು. ಆಗ ನಾನು ಕೂಗಿದೆ, ಇಳಿಸ್ಬೇಡಮ್ಮಾ, ಅವರಿಗೆ ಕಂಡರೆ ಅವರೇ ಇಳೀಲಿ ಅಂತ!" ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. "ಊಟ ಉಳಿದಿದೆಯೋ ಇಲ್ಲವೋ, ಅದು ಹೇಳಿ ಮೊದಲು."

ಆ ಸಂಜೆ ಹೆಸರಿಡುವುದಾಯಿತು. ಗೆರಾವತ್ ತನ್ನ ತಾತನ ಹೆಸರನ್ನೇ ಆರಿಸಿಕೊಂಡಿದ್ದ: ರಿಬು, ಅಂದರೆ ಸಾವಿರ. "ಸಾವಿರ ಮೀಟರಿಗೆ ವಿಮಾನ ಇಳಿಯಲ್ಲ, ಇನ್ನೊಂದು ನಾಲ್ಕು ಸಾವಿರ ಸೇರಿಸ್ಕೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹೆಸರಿಗೆ ಒಪ್ಪಿಗೆ ಕೇಳಿದಾಗ ಎಲ್ಲರಿಗಿಂತ ಎತ್ತರಕ್ಕೆ ಎದ್ದದ್ದು ಜಲ್ಲಾನ ಕೈ. ಇನ್ನು ಮೇಲೆ ಗೆರಾವತ್‌ನನ್ನು ರಿಬು ಅನ್ನಬೇಕು, ಸುಪಾಂಗಳನ್ನೂ ಅವಳ ಹೊಸ ಹೆಸರಿನಿಂದ ಕರೆಯಬೇಕು. ಆದರೆ ಕೇಳುವವರಿಗೆ ಗೊಂದಲವಾದೀತು, ಈ ಕತೆ ಮುಗಿಯುವ ತನಕ ಗೆರಾವತ್, ಸುಪಾಂಗ್ ಎಂದೇ ಇರಲಿ.

ಬೀಗಿತ್ತಿ ಎರಡು ದಿನ ಇದ್ದು ಹೋಗುವವಳಿದ್ದಳು. ಆದರೆ ಇಳಿಯುವುದಕ್ಕೆ ಯಾವ ಕಾನೂನೋ ಏರುವುದಕ್ಕೂ ಅದೇ ಕಾನೂನು, ಮತ್ತು ಮಂಜು ಎದ್ದು ಹೋಗುವ ಲಕ್ಷಣವಿರಲಿಲ್ಲ. ಲಾರಿ ದಾರಿಯ ಮಾತೆತ್ತಿದರೆ ಬೀಗಿತ್ತಿ ಉಳಿದ ಒಂದು ಚಪ್ಪಲಿಯನ್ನು ತೋರಿಸುತ್ತಿದ್ದಳು. ದಿನಕ್ಕೊಂದು ಅನಾನಸು ತಿಂದಳು, ಆಮೇಲೆ ಎರಡೆರಡು. ಸುಪಾಂಗಳ ಅಡುಗೆಮನೆಯ ಪಾತ್ರೆಗಳನ್ನು ತನ್ನ ಊರಿನ ಕ್ರಮದಲ್ಲಿ ಜೋಡಿಸಿಟ್ಟಳು. ಸುಪಾಂಗ್ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಗೂಡಿನ ಬುಡದಲ್ಲಿ ನಿಲ್ಲತೊಡಗಿದಳು.

"ಸ್ವಲ್ಪ ಚೆನ್ನಾಗಿ ನೋಡ್ರೀ," ಎಂದು ಪಿಸುಗುಟ್ಟಿದಳು. "ನಿನ್ನೆಗಿಂತ ತೆಳುವಾಗಿಲ್ವಾ?"

"ನಾಲ್ಕು ಸಾವಿರ," ಮೇಲಿನಿಂದ ಉತ್ತರ ಬಂತು.

"ಆಕೆ ನನ್ನ ಉಪ್ಪಿನ ಜಾಡಿ ಎಲ್ಲಿಟ್ಟಿದ್ದಾಳೋ ಸಿಗ್ತಿಲ್ಲ."

"ನಾಲ್ಕು ಸಾವಿರವೇ ಕಣೇ."

ಮಂಜು ಹರಿದದ್ದು ಭಾನುವಾರ, ಪ್ರಾರ್ಥನೆಯ ನಡುವೆ. ಮಕ್ಕಳು ಕಿಟಕಿಯಿಂದ ಕೂಗಿದರು. ಹಲ್ಲುಗುಡ್ಡ ತೊಳೆದಿಟ್ಟಂತೆ ನಿಂತಿತ್ತು, ಅದರಾಚೆಯ ಬೆಟ್ಟಸಾಲೂ ಎಣಿಸುವಂತಿತ್ತು. ಮರುದಿನ ಬೆಳಿಗ್ಗೆಯೂ ಹಾಗೆಯೇ ಇತ್ತು, ವಿಮಾನ ಬಂತು. ಇಳಿದ ನೊರ್ಲಿಜಾ ಗೂಡಿಗೆ ಹತ್ತಿ ಬಂದು, "ಚಿಕ್ಕಪ್ಪ, ನಮ್ಮ ಆಫೀಸಿನವರು ಕೇಳಿದ್ರು, ಪಾ ಸೆಬುಲದಲ್ಲಿ ಗುಡ್ಡ ಓಡಾಡ್ತವಾ ಅಂತ," ಎಂದು ನಕ್ಕು, ಒಂದು ಡಬ್ಬ ಬಿಸ್ಕತ್ತು ಕೊಟ್ಟು ಹೋದಳು. ಬೀಗಿತ್ತಿ ಸುಪಾಂಗಳನ್ನು ತಬ್ಬಿಕೊಂಡು ಅತ್ತಳು. ಆಶ್ಚರ್ಯವೆಂದರೆ ಸುಪಾಂಗ್ ಕೂಡ ಅತ್ತಳು. ಮಗುವನ್ನು ಕೈಯಿಂದ ಕೈಗೆ ದಾಟಿಸಿ, ಕೊನೆಗೆ ರೋಸಿತಾ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ವಿಮಾನ ಗದ್ದೆಗಳ ಮೇಲೆ ಎದ್ದು, ಬಿಸಿಲಿಗೆ ಒಮ್ಮೆ ಮಿಂಚಿ, ಬೆಟ್ಟದ ಕಂಡಿಯಲ್ಲಿ ಚುಕ್ಕೆಯಾಗಿ ಹೋಗುವ ತನಕ ಗೆರಾವತ್ ನೋಡಿದ. ಆಮೇಲೂ ನೋಡಿದ. ಸುಪಾಂಗ್ ಏಣಿ ಹತ್ತಿ ಬಂದು, ಇದ್ದ ಒಂದೇ ಕುರ್ಚಿಯಲ್ಲಿ ತಾನು ಕೂತು, ಎಲೆಯ ಪೊಟ್ಟಣ ಬಿಡಿಸಿದಳು. ಅವನು ನೆಲದ ಮೇಲೆ ಕೂತ.

"ಮಗುವಿನ ಮೂಗು ನಮ್ಮ ಕಡೇದು," ಅಂದಳು ಅನ್ನ ತುಂಬಿದ ಬಾಯಲ್ಲಿ.

"ಹೂಂ."

"ಬೀಗಿತ್ತಿ ಅವರ ಕಡೇದು ಅಂತಾಳೆ."

"ಅದೂ ಇರಬಹುದು."

ಸುಪಾಂಗ್ ಅವನ ಬೆನ್ನಿಗೆ ಮೊಣಕಾಲಿನಿಂದ ಒಂದು ಕೊಟ್ಟಳು. ಅವನು ನಗುತ್ತ ಇನ್ನೊಂದು ತುತ್ತಿಗೆ ಕೈ ಚಾಚಿದ.